ಕೋಲಾರದ ಗಟ್ಟಿ ನೆಲದಲ್ಲಿ ಕ್ಯಾವಿಟಿ ಬ್ಯಾಕ್ ಐರನ್‌ಗಳು: ದೂರ ಎಷ್ಟು, ಕೆಟ್ಟ ಹೊಡೆತ ಸಂಭಾಳಿಸುವುದು ಎಷ್ಟು?

ಗಾಲ್ಫ್ ಆಡಲು ಹೊಸ ಐರನ್ ಸೆಟ್ (ಲೋಹದ ತಲೆಯ ಕೋಲುಗಳು, ನಂಬರ್ ಏರಿದಷ್ಟೂ ದೂರ ಕಡಿಮೆ) ತಂದವರನ್ನು ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ. ಏಳನೇ ಐರನ್ ಎಷ್ಟು ಯಾರ್ಡ್ ಹೋಗುತ್ತೆ? ನನ್ನ ಸೆಟ್ ಈಗ ಹಲವು ಬೇಸಿಗೆ, ಹಲವು ಆಷಾಢ ಕಂಡಿದೆ. ಇಷ್ಟು ಆಡಿದ ಮೇಲೆ ನನಗೆ ಅನ್ನಿಸುವುದು, ಕೇಳಬೇಕಾದ ಪ್ರಶ್ನೆ ಬೇರೆ. ಚೆಂಡು ಕೋಲಿನ ತಲೆಯ ಮುಖದ ನಡುವೆ ತಾಗದಿದ್ದಾಗ ಎಷ್ಟು ಯಾರ್ಡ್ ಹೋಗುತ್ತೆ? ವಾರಕ್ಕೊಮ್ಮೆ ಆಡುವ ನಮ್ಮಂಥವರಿಗೆ ನಡುವೆ ತಾಗುವುದಕ್ಕಿಂತ ಆಚೀಚೆ ತಾಗುವುದೇ ಜಾಸ್ತಿ ಅಲ್ವಾ.

ಇದು ಗೇಮ್ ಇಂಪ್ರೂವ್‌ಮೆಂಟ್ ವರ್ಗದ, ಅಂದರೆ ಕೆಟ್ಟ ಹೊಡೆತಕ್ಕೂ ನೆರವಾಗುವ, ಕ್ಯಾವಿಟಿ ಬ್ಯಾಕ್ (ತಲೆಯ ಹಿಂಬದಿ ಕೆತ್ತಿ ತೆಗೆದ) ಸೆಟ್. ಎರಕ ಹೊಯ್ದ ಸ್ಟೇನ್‌ಲೆಸ್ ಸ್ಟೀಲ್ ತಲೆ, ತೆಳುವಾದ ಮುಖ, ಅಗಲವಾದ ಸೋಲ್ (ನೆಲಕ್ಕೆ ತಾಗುವ ತಳ), ಸ್ವಲ್ಪ ಆಫ್‌ಸೆಟ್ (ಮುಖ ದಂಡಕ್ಕಿಂತ ತುಸು ಹಿಂದೆ). ಐದರಿಂದ ಪಿಚಿಂಗ್ ವೆಜ್‌ವರೆಗೆ (ಒಂಬತ್ತರ ನಂತರದ, ಹತ್ತಿರದ ಹೊಡೆತದ ಕೋಲು) ಇದೆ. ಶಾಫ್ಟ್ (ದಂಡ) ಸ್ಟೀಲ್, ರೆಗ್ಯುಲರ್ ಫ್ಲೆಕ್ಸ್ (ಸಾಧಾರಣ ಬಾಗು). ಏಳನೇ ಐರನ್ನಿನ ಲಾಫ್ಟ್ (ಮುಖ ಹಿಂದಕ್ಕೆ ವಾಲಿದ ಕೋನ) 30 ಡಿಗ್ರಿ, ಪಿಚಿಂಗ್ ವೆಜ್ಜಿನದು 44. ಕಂಪನಿ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳುವ ಬಹುಪಾಲು ಮಾತು ಈ ವರ್ಗದ ಎಲ್ಲಾ ಸೆಟ್‌ಗಳಿಗೂ ಸಲ್ಲುತ್ತದೆ.

ಆಡುವ ನೆಲದ ಬಗ್ಗೆಯೂ ಗೊತ್ತಿರಲಿ. ಕೋಲಾರ ಜಿಲ್ಲೆಗೆ ಗಾಲ್ಫ್ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್ ಗಣಿಗೆ ಕೈ ಹಾಕಿತು. ಆಮೇಲೆ ಬಂದ ಇಂಗ್ಲಿಷ್ ಅಧಿಕಾರಿಗಳು ಕ್ಲಬ್ಬನ್ನೂ ಗಾಲ್ಫನ್ನೂ ಜೊತೆಗೇ ತಂದರು. ಈಗ ಹೆದ್ದಾರಿ ಕಡೆ ಹೊಸ ಕೋರ್ಸ್ ಬಂದಿದೆ, ಬೆಂಗಳೂರಿನವರೂ ಬಂದು ಆಡುತ್ತಾರೆ. ಆದರೆ ಹುಲ್ಲಿನ ಕೆಳಗಿರುವುದು ಅದೇ ಕೆಂಪು ಮಣ್ಣು. ಮಾರ್ಚಿಂದ ಮೇವರೆಗೆ ಕಲ್ಲಿನ ಹಾಗೆ ಗಟ್ಟಿಯಾಗುವ ಮಣ್ಣು. ಅಮೆರಿಕದ ಮೆತ್ತನೆ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಮೇಲೆ ಮಾಡಿದ ವಿಡಿಯೊ ನೋಡಿ ಇಲ್ಲಿಗೆ ಕ್ಲಬ್ (ಹೊಡೆಯುವ ಕೋಲು) ಆರಿಸಿದರೆ ಲೆಕ್ಕ ತಪ್ಪುತ್ತದೆ.

ಮೊದಲು ದೂರದ ವಿಷಯ. ಅಂಗಡಿಯವರು ಲಾಂಚ್ ಮಾನಿಟರ್ (ಚೆಂಡಿನ ವೇಗ, ದೂರ ಅಳೆಯುವ ಯಂತ್ರ) ಮುಂದೆ ನಿಲ್ಲಿಸಿ, ನಿಮ್ಮ ಹಳೇ ಏಳನ್ನೂ ಅವರ ಹೊಸ ಏಳನ್ನೂ ಹೊಡೆಸುತ್ತಾರೆ. ಹೊಸದು ಹದಿನೈದು ಯಾರ್ಡ್ ಮುಂದೆ ಹೋಗುತ್ತದೆ. ನಂಬರ್ ಒಂದೇ, ಆದರೆ ಕ್ಲಬ್ ಒಂದೇ ಅಲ್ಲ. ಹಿಂದೆ ಏಳನೇ ಐರನ್ ಅಂದರೆ 35 ಡಿಗ್ರಿ ಆಸುಪಾಸು. ಈಗಲೂ ವೃತ್ತಿಪರರು ಆಡುವ ಬ್ಲೇಡ್ (ಹಿಂಬದಿ ಕೆತ್ತದ, ತೆಳು ತಲೆಯ) ಮಾದರಿಗಳಲ್ಲಿ 34, 35 ಇರುತ್ತದೆ. ಈ ವರ್ಗದಲ್ಲಿ ಅದು 30ಕ್ಕೆ, ಕೆಲವು ಸೆಟ್‌ಗಳಲ್ಲಿ 28ಕ್ಕೆ ಇಳಿದಿದೆ. ಹಳೇ ಲೆಕ್ಕದಲ್ಲಿ ಒಂದು ಕ್ಲಬ್ಬಿಗೂ ಇನ್ನೊಂದಕ್ಕೂ ನಾಲ್ಕು ಡಿಗ್ರಿ ಅಂತರ. ಅಂದರೆ ನನ್ನ ಕೈಯಲ್ಲಿರುವ ಏಳು, ನಂಬರ್ ಬದಲಿಸಿಕೊಂಡ ಆರು. ಶಾಫ್ಟ್ ಸ್ವಲ್ಪ ಉದ್ದ ಆಗಿದ್ದರೆ ದೂರ ಇನ್ನೂ ಏರುತ್ತದೆ.

ನಮ್ಮ ಗುಂಪಿನಲ್ಲಿ ಹಿರಿಯರೊಬ್ಬರಿದ್ದಾರೆ. ಕೆಜಿಎಫ್ ಕಡೆಯವರು. ಇವತ್ತಿಗೂ ಹಳೇ ಫೋರ್ಜ್ಡ್ (ಬಡಿದು ಮಾಡಿದ) ಬ್ಲೇಡ್ ಬಿಟ್ಟಿಲ್ಲ. ಅವರ ಆರನ್ನೂ ನನ್ನ ಏಳನ್ನೂ ಒಂದೇ ಜಾಗದಿಂದ ಹೊಡೆದು ನೋಡಿದ್ದೇನೆ. ಚೆನ್ನಾಗಿ ತಾಗಿದ ಚೆಂಡುಗಳು ಹೆಚ್ಚು ಕಡಿಮೆ ಅಕ್ಕಪಕ್ಕವೇ ಬೀಳುತ್ತವೆ, 145 ಯಾರ್ಡ್ ಸುತ್ತ. ಬ್ಯಾಗ್ ಹೊರುವ ಕ್ಯಾಡಿ ಹುಡುಗರಿಗೆ ಇದು ಮೊದಲೇ ಗೊತ್ತು. ಹಿರಿಯರು ಏಳು ತೆಗೆದ ಕಡೆ ನನ್ನ ಕೈಗೆ ಎಂಟು ಕೊಟ್ಟು, "ಸಾರ್, ನಿಮ್ಮ ಎಂಟು ಅವರ ಏಳು ಇದ್ದಂಗೆ" ಅನ್ನುತ್ತಾರೆ.

ಹಾಗಂತ ಇದನ್ನು ಬರೀ ನಂಬರ್ ಆಟ ಅಂತ ತಳ್ಳಿಹಾಕುವುದೂ ಸರಿಯಲ್ಲ. ಹಿರಿಯರ ಆರಕ್ಕಿಂತ ನನ್ನ ಏಳರ ಚೆಂಡು ಎತ್ತರಕ್ಕೆ ಹೋಗುತ್ತದೆ, ಲಾಫ್ಟ್ ಹತ್ತಿರ ಹತ್ತಿರ ಒಂದೇ ಇದ್ದರೂ. ಕಾರಣ ತಲೆಯೊಳಗಿನ ತೂಕದ ಜಾಗ. ಈ ಸೆಟ್‌ನಲ್ಲಿ ಗುರುತ್ವ ಕೇಂದ್ರ ಕೆಳಗಿದೆ, ಮುಖದಿಂದ ಸ್ವಲ್ಪ ಹಿಂದಿದೆ. ಹಾಗಾಗಿ ಚೆಂಡು ತಾನಾಗಿ ಮೇಲೇಳುತ್ತದೆ. 35 ಡಿಗ್ರಿ ಇಟ್ಟಿದ್ದರೆ ತೀರಾ ಮೇಲಕ್ಕೆ ಹೋಗಿ ದೂರವೇ ಸಿಗುತ್ತಿರಲಿಲ್ಲ. ಅದಕ್ಕೇ ತಯಾರಕರು ಲಾಫ್ಟ್ ಇಳಿಸುತ್ತಾರೆ. ತೆಳು ಮುಖ ಒಂಚೂರು ಬಗ್ಗಿ ಪುಟಿಯುವುದರಿಂದಲೂ ಚೆಂಡಿನ ವೇಗ ಸ್ವಲ್ಪ ಸಿಗುತ್ತದೆ. ಆದರೆ ದೂರದ ದೊಡ್ಡ ಪಾಲು ಲಾಫ್ಟಿನದೇ.

ಈಗ ನಾನು ಈ ಸೆಟ್ಟನ್ನು ಇಷ್ಟಪಡುವ ಕಾರಣಕ್ಕೆ ಬರುತ್ತೇನೆ. ಅದೇ ಹಿರಿಯರ ಆರರಲ್ಲಿ ಚೆಂಡು ಟೋ (ತಲೆಯ ಹೊರತುದಿ) ಕಡೆ ತಾಗಿದರೆ ಕೈ ಜುಮ್ಮೆನ್ನುತ್ತದೆ. ಚೆಂಡು ಇಪ್ಪತ್ತು, ಇಪ್ಪತ್ತೈದು ಯಾರ್ಡ್ ಹಿಂದೆಯೇ ಬೀಳುತ್ತದೆ. ನೂರಿಪ್ಪತ್ತಕ್ಕೆ ಬಂದು ನಿಲ್ಲುತ್ತದೆ, ಅಂದರೆ ಗ್ರೀನ್ (ಕುಳಿ ಇರುವ ನುಣುಪು ಹುಲ್ಲು) ಮುಂದಿನ ಬಂಕರಿಗೆ (ಮರಳ ಗುಂಡಿಗೆ). ನನ್ನ ಏಳರಲ್ಲಿ ಅಷ್ಟೇ ಆಚೆ ತಾಗಿದರೆ ಎಂಟು ಹತ್ತು ಯಾರ್ಡ್ ಕಡಿಮೆ, ಅಷ್ಟೇ. ಗ್ರೀನ್‌ನ ಮುಂಭಾಗಕ್ಕಾದರೂ ಬೀಳುತ್ತದೆ. ಸ್ಕೋರ್ ಕಾರ್ಡಿನಲ್ಲಿ ವ್ಯತ್ಯಾಸ ಮಾಡಿದ್ದು ಈ ಹದಿನೈದು ಯಾರ್ಡ್. ಅಂಗಡಿಯ ಮಾನಿಟರಿನಲ್ಲಿ ಕಂಡ ಹದಿನೈದು ಅಲ್ಲ.

ಇದರ ಹಿಂದಿನ ಕೆಲಸ ಸರಳ. ಚೆಂಡು ನಡುವೆ ತಾಗದಿದ್ದರೆ ಕ್ಲಬ್ ತಲೆ ಕೈಯಲ್ಲೇ ತಿರುಗುತ್ತದೆ. ತಿರುಗಿದಷ್ಟು ಶಕ್ತಿ ಪೋಲು, ದಿಕ್ಕೂ ತಪ್ಪುತ್ತದೆ. ಹಿಂಬದಿ ಲೋಹ ಕೆತ್ತಿ ತೆಗೆದು, ಆ ತೂಕವನ್ನು ಹೀಲ್ (ದಂಡದ ಕಡೆಯ ತುದಿ) ಮತ್ತು ಟೋ ತುದಿಗಳಿಗೆ ಹಾಕಿದರೆ ತಲೆ ಸುಲಭಕ್ಕೆ ತಿರುಗುವುದಿಲ್ಲ. ಹೆಗಲ ಮೇಲೆ ಕಾವಡಿ ಹೊತ್ತವನನ್ನು ಗಕ್ಕನೆ ತಿರುಗಿಸುವುದಕ್ಕೆ ಆಗುತ್ತದೆಯೇ? ಇದೂ ಹಾಗೆಯೇ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್ಹೈಮ್ ಈ ಉಪಾಯವನ್ನು ಮೊದಲು ಪಟರ್‌ಗೆ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕೋಲಿಗೆ) ಹಾಕಿದರು, ಆಮೇಲೆ ಐರನ್‌ಗೆ ತಂದರು. 1982ರಲ್ಲಿ ಬಂದ ಅವರ ಪಿಂಗ್ ಐ2 ಐರನ್ ಸಾಮಾನ್ಯ ಆಟಗಾರರ ಬ್ಯಾಗನ್ನೇ ಬದಲಿಸಿತು. ಇವತ್ತು ಟಂಗ್‌ಸ್ಟನ್ ತೂಕ, ಟೊಳ್ಳು ತಲೆ, ಒಳಗೆ ಫೋಮ್ ಎಲ್ಲಾ ಬಂದಿದೆ. ಮೂಲ ಆಲೋಚನೆ ಮಾತ್ರ ಅದೇ.

ನಮ್ಮ ನೆಲದಲ್ಲಿ ಇನ್ನೊಂದು ಲಾಭ ಇದೆ. ಬೇಸಿಗೆಯಲ್ಲಿ ಹುಲ್ಲು ಸಣ್ಣಗಾಗಿ ಚೆಂಡು ಮಣ್ಣಿಗೇ ಅಂಟಿ ಕೂತಿರುತ್ತದೆ. ಆಗ ಹೊಡೆತ ಮುಖದ ಕೆಳಗಿನ ಗೆರೆಗಳ ಮೇಲೆ ತಾಗುವುದು ಸಹಜ. ಗುರುತ್ವ ಕೇಂದ್ರ ಕೆಳಗಿರುವುದರಿಂದ ಆ ತೆಳು ಹೊಡೆತವೂ ಎದ್ದು ಹಾರುತ್ತದೆ. ಬ್ಲೇಡ್‌ನಲ್ಲಿ ಅದೇ ಚೆಂಡು ಮೊಣಕಾಲೆತ್ತರಕ್ಕೆ ಓಡುತ್ತದೆ.

ಅಗಲ ಸೋಲ್ ಬಗ್ಗೆ ಮಾತ್ರ ನನ್ನದು ಎರಡು ಮಾತು. ಮಳೆಗಾಲದಲ್ಲಿ ಇದು ದೇವರಂಥದ್ದು. ಚೆಂಡಿಗಿಂತ ಹಿಂದೆ ನೆಲಕ್ಕೆ ತಾಗಿದರೂ ಕ್ಲಬ್ ಮಣ್ಣಿಗೆ ಹೂತುಕೊಳ್ಳದೆ ಜಾರಿ ಮುಂದೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಇದೇ ಸೋಲ್ ತೊಂದರೆ. ಗಟ್ಟಿ ನೆಲದ ಮೇಲೆ ಅದು ಜಾರುವುದಿಲ್ಲ, ಪುಟಿಯುತ್ತದೆ. ಪುಟಿದ ಕ್ಲಬ್ಬಿನ ಕೆಳ ಅಂಚು ಚೆಂಡಿನ ಹೊಟ್ಟೆಗೆ ಬಡಿದು, ಚೆಂಡು ಗ್ರೀನ್ ದಾಟಿ ಹೋಗುತ್ತದೆ. ಒಂಬತ್ತು ಮತ್ತು ಪಿಚಿಂಗ್ ವೆಜ್ಜಿನಲ್ಲಿ ಇದು ಜಾಸ್ತಿ ಕಾಡುತ್ತದೆ. ಚೆಂಡನ್ನು ನಿಂತ ಜಾಗದಲ್ಲಿ ಸ್ವಲ್ಪ ಹಿಂದಿಟ್ಟು, ಕೈ ಮುಂದಿಟ್ಟು ಹೊಡೆದರೆ ಹತೋಟಿಗೆ ಬರುತ್ತದೆ. ಆದರೂ ಇವತ್ತು ಹೊಸ ಸೆಟ್ ಆರಿಸುವುದಾದರೆ, ಇದೇ ವರ್ಗದಲ್ಲಿ ಮಧ್ಯಮ ಅಗಲದ, ಹಿಂದಿನ ಅಂಚು ಉಜ್ಜಿ ದುಂಡಗೆ ಮಾಡಿರುವ ಸೋಲ್ ಹುಡುಕುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಡುವವರು ಲಾಫ್ಟಿಗಿಂತ ಮೊದಲು ಕ್ಲಬ್ ತಿರುಗಿಸಿ ಸೋಲ್ ನೋಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆಷಾಢದ ಗಾಳಿಯಲ್ಲಿ ಈ ಸೆಟ್ ಚೆನ್ನ. ಲಾಫ್ಟ್ ಕಡಿಮೆ ಇದ್ದರೆ ಸ್ಪಿನ್ ಕಡಿಮೆ. ಎದುರು ಗಾಳಿಗೆ ಚೆಂಡು ಮೇಲೆದ್ದು ಅಲ್ಲೇ ತೇಲುವುದಿಲ್ಲ. ಆದರೆ ಗಾಳಿಯಲ್ಲಿ ಉಳಿಸಿದ ಅದೇ ಗುಣ ಬೇಸಿಗೆಯ ಗ್ರೀನ್ ಮೇಲೆ ಕಿತ್ತುಕೊಳ್ಳುತ್ತದೆ. ಅಮೆರಿಕದ ಪಿಜಿಎ ಟೂರ್ ಆಟಗಾರರ ಏಳನೇ ಐರನ್ನಿನ ಚೆಂಡು ನಿಮಿಷಕ್ಕೆ ಸುಮಾರು 7000 ಸುತ್ತು ತಿರುಗುತ್ತದೆ, ಸುಮಾರು 50 ಡಿಗ್ರಿ ಕಡಿದಾಗಿ ಇಳಿಯುತ್ತದೆ. ಅದಕ್ಕೇ ಬಿದ್ದಲ್ಲೇ ನಿಲ್ಲುತ್ತದೆ. ನಮ್ಮ ಸ್ವಿಂಗ್ ವೇಗ ಅವರಿಗಿಂತ ಬಹಳ ಕಡಿಮೆ, ಅದರ ಮೇಲೆ ಲಾಫ್ಟೂ ಕಡಿಮೆ. ಚೆಂಡು ಗ್ರೀನ್ ನಡುವೆ ಬಿದ್ದು ಗ್ರೀನ್‌ನ ಆಚೆ ಉರುಳಿ ಹೋಗುತ್ತದೆ. ಮೇ ತಿಂಗಳಲ್ಲಿ ನಾನು ಗ್ರೀನ್‌ನ ಮುಂಚೆಯೇ ಬೀಳಿಸಿ ಉರುಳಿಸುತ್ತೇನೆ. ಬೇರೆ ದಾರಿ ಇಲ್ಲ.

ಡಿಸೆಂಬರ್ ಬೆಳಗಿನ ಇಬ್ಬನಿಯಲ್ಲಿ ಇನ್ನೊಂದು ಕಾಟ. ಮುಖಕ್ಕೂ ಚೆಂಡಿಗೂ ನಡುವೆ ನೀರು ಸೇರಿದರೆ ಸ್ಪಿನ್ ಸಾಯುತ್ತದೆ, ಚೆಂಡು ಲೆಕ್ಕಕ್ಕಿಂತ ದೂರ ಹಾರುತ್ತದೆ. ತೆಳು ಮುಖದ ಕ್ಲಬ್ಬಿನಲ್ಲಿ ಇಂಥ ದಿಢೀರ್ ಹಾರಾಟ ನನಗೆ ಜಾಸ್ತಿ ಕಂಡಿದೆ. ಪ್ರತಿ ಹೊಡೆತಕ್ಕೂ ಮುಖ ಒರೆಸಿಕೊಳ್ಳಿ. ನಮ್ಮ ಊರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ತೆಳು ಗಾಳಿಯಿಂದ ನೂರಕ್ಕೆ ಎರಡು ಮೂರು ಯಾರ್ಡ್ ಪುಕ್ಕಟೆ ಸಿಗುತ್ತದೆ. ಮಂಗಳೂರಿಗೆ ಹೋಗಿ ಆಡುವವರು ಅದನ್ನು ಕಳೆದುಕೊಂಡೇ ಲೆಕ್ಕ ಹಾಕಬೇಕು.

ಇಂಥ ಸೆಟ್ ಕೊಂಡರೆ ಖರ್ಚು ಅಲ್ಲಿಗೇ ಮುಗಿಯುವುದಿಲ್ಲ. ಪಿಚಿಂಗ್ ವೆಜ್ 44 ಡಿಗ್ರಿ, ನನ್ನ ಸ್ಯಾಂಡ್ ವೆಜ್ 56. ನಡುವೆ 12 ಡಿಗ್ರಿ ಖಾಲಿ. ಒಂದು 110 ಯಾರ್ಡ್ ಹೋದರೆ ಇನ್ನೊಂದು 75. ತೊಂಬತ್ತು ಯಾರ್ಡ್ ಉಳಿದಾಗ ಕೈಗೆ ಏನು ತಗೊಳ್ಳುವುದು? 50 ಡಿಗ್ರಿಯ ಗ್ಯಾಪ್ ವೆಜ್ ಬೇಕೇ ಬೇಕು. ಬೆಲೆ ಕೇಳುವಾಗಲೇ ಅದನ್ನೂ ಸೇರಿಸಿ ಕೇಳಿ.

ಇತ್ತ ಕೆಳಗಿನ ತುದಿಯಲ್ಲಿ ಐದನೇ ಐರನ್ ಇದೆ. ಲಾಫ್ಟ್ 24 ಡಿಗ್ರಿಗೆ ಇಳಿದಿದೆ. ನನ್ನ ವೇಗಕ್ಕೆ ಅದು ಏಳುವುದೇ ಇಲ್ಲ. ಆರರಷ್ಟೇ ದೂರ ಹೋಗುತ್ತದೆ. ಅದನ್ನು ತೆಗೆದು ಹೈಬ್ರಿಡ್ (ಚೆಂಡನ್ನು ಸುಲಭಕ್ಕೆ ಏಳಿಸುವ ದಪ್ಪ ತಲೆಯ ಕೋಲು) ಹಾಕಿಕೊಂಡಿದ್ದೇನೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವ ಆಟಗಾರ್ತಿ ಅಲ್ಲ. ಆದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರು.

ಬಾಳಿಕೆಗೆ ಪೂರ್ತಿ ಅಂಕ. ಕೆಂಪು ಮಣ್ಣಿನ ಮರಳು ಸೋಲ್ ಮೇಲೆ ಗೀರು ಹಾಕಿದೆ, ಒಂಬತ್ತರ ಗೆರೆಗಳು ಸ್ವಲ್ಪ ಸವೆದಿವೆ. ತಲೆ ಸಡಿಲ ಆಗಿಲ್ಲ. ಗ್ರಿಪ್ ಮಾತ್ರ ಕಾರಿನ ಡಿಕ್ಕಿಯ ಬಿಸಿಗೆ ಗಟ್ಟಿಯಾಗಿ ಜಾರುತ್ತಿತ್ತು, ಬದಲಿಸಿದೆ. ಸದ್ದು ಬ್ಲೇಡಿನಷ್ಟು ಇಂಪಲ್ಲ. ನೋಡಲು ದಪ್ಪ.

ಯಾರಿಗೆ ಬೇಡ? ಹತ್ತಕ್ಕೆ ಏಳು ಸಲ ನಡುವೆಯೇ ಹೊಡೆಯುವವರಿಗೆ, ಚೆಂಡನ್ನು ಬೇಕೆಂದೇ ಎಡಕ್ಕೆ ಬಲಕ್ಕೆ ಬಾಗಿಸುವವರಿಗೆ ಬೇಡ. ನಮ್ಮ ಹಿರಿಯರಿಗೆ ಅವರ ಬ್ಲೇಡೇ ಸರಿ. ಅವರ ಚೆಂಡು ಗ್ರೀನ್ ಮೇಲೆ ನಿಲ್ಲುವ ಹಾಗೆ ನನ್ನದು ನಿಲ್ಲುವುದಿಲ್ಲ.

ಒಳ್ಳೆಯ ಕಂಪನಿಯ ಹೊಸ ಸೆಟ್ ಲಕ್ಷ ರೂಪಾಯಿ ಆಸುಪಾಸು ಇರುವುದರಿಂದ ತುಂಬಾ ಜನ ಸೆಕೆಂಡ್ ಹ್ಯಾಂಡ್ ನೋಡುತ್ತಾರೆ. ಅಂಥವರು ಮಾರುವವರನ್ನು ಪಿಚಿಂಗ್ ವೆಜ್ಜಿನ ಲಾಫ್ಟ್ ಕೇಳಿ, ಇಡೀ ಸೆಟ್ಟಿನ ಅಂತರ ಅದರಿಂದಲೇ ಗೊತ್ತಾಗುತ್ತದೆ. ಲೈ ಕೋನವನ್ನೂ (ದಂಡಕ್ಕೂ ನೆಲಕ್ಕೂ ನಡುವಿನ ಕೋನ) ನೋಡಿ. ನಿಮ್ಮ ಎತ್ತರಕ್ಕೆ ಟೋ ಮೇಲೆದ್ದು ನಿಂತರೆ ಬಲಗೈ ಆಟಗಾರರ ಚೆಂಡು ಎಡಕ್ಕೆ ಹೋಗುತ್ತದೆ. ಗಟ್ಟಿ ಎರಕದ ತಲೆಯನ್ನು ಆಮೇಲೆ ಬಗ್ಗಿಸುವುದು ಕಷ್ಟ, ಫೋರ್ಜ್ಡ್ ಆದರೆ ಸುಲಭಕ್ಕೆ ಬಗ್ಗುತ್ತದೆ. ಆದಷ್ಟೂ ಏಪ್ರಿಲ್, ಮೇ ತಿಂಗಳಲ್ಲಿ, ಮ್ಯಾಟ್ ಮೇಲಲ್ಲ, ಬರೀ ನೆಲದ ಮೇಲೆ ಹೊಡೆದು ನೋಡಿ ತಗೊಳ್ಳಿ.