ಮಕ್ಕಳ ಪುಟ್ಟ ಸಂಸ್ಥೆಗೆ ಸಾಮಾನೋ, ಹಣವೋ?

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ವೆಳ್ಳಾರ್‌ಮಲ ಶಾಲೆಯ ಮಕ್ಕಳು ಮೇಪ್ಪಾಡಿಯಲ್ಲಿ ಪಾಠ ಮುಂದುವರಿಸಿದರು. ಇಂಥ ಮಕ್ಕಳ ಜೊತೆ ನಿಲ್ಲುವ ಸಣ್ಣ ಸಂಸ್ಥೆಗೆ ಏನು ಕೊಡಬೇಕು?

ಸಾಮಾನು ಕೊಟ್ಟರೆ ಕೈಯಾರೆ ಕೊಟ್ಟ ತೃಪ್ತಿಯಿದೆ, ನಿಜ. ಆದರೆ ಮೂರೇ ಜನರಿರುವ ಕಚೇರಿಯಲ್ಲಿ ಹಳೆ ಬಟ್ಟೆಯ ಮೂಟೆ ಬಿಚ್ಚಿ, ಗುಂಡಿ ಕಿತ್ತ ಅಂಗಿಗಳನ್ನು ಬೇರ್ಪಡಿಸುವುದರಲ್ಲೇ ದಿನ ಮುಗಿಯುತ್ತದೆ. ಅವರೇ ಪಟ್ಟಿ ಕೊಟ್ಟರೆ ಮಾತ್ರ ಕಳುಹಿಸಿ; ಹೊಸದನ್ನೇ ಕಳುಹಿಸಿ.

ಹಣವಾದರೆ ಏಳು ವರ್ಷದ ಹುಡುಗಿಗೆ ಅವಳ ಅಳತೆಯದೇ ಚಪ್ಪಲಿ ಬರುತ್ತದೆ, ಅದೂ ಅಲ್ಲಿನ ಅಂಗಡಿಯಿಂದ. ನನ್ನ ಆಯ್ಕೆ ಇದೇ. ಒಮ್ಮೆಗೇ 12,000 ರೂಪಾಯಿಗಿಂತ ತಿಂಗಳಿಗೆ 500ರಂತೆ ಎರಡು ವರ್ಷ ಕೊಡುವುದು ಮೇಲು: ಮಳೆಯ ಸದ್ದಿಗೆ ಬೆಚ್ಚುವ ಮಗುವಿಗೆ ಆಪ್ತಸಮಾಲೋಚನೆ ಬಹುಕಾಲ ಬೇಕು. 2,000 ರೂಪಾಯಿ ಮೀರಿದ ನಗದಿಗೆ ತೆರಿಗೆ ವಿನಾಯಿತಿ ಸಿಗದು; ಬ್ಯಾಂಕ್ ಮೂಲಕವೇ ಕಳುಹಿಸಿ.