ಕಡಲ ದಂಡೆಯ ಮರದ ಕುಟೀರಗಳಲ್ಲಿ ಐದು ರಾತ್ರಿ

ಇಂತಹ ಕುಟೀರಗಳನ್ನು ನಮ್ಮ ಸಂಘಕ್ಕೂ ಮಾಡಿಸಬಹುದೇ ಎಂದು ತಿಳಿಯಲು ನಾವು 24 ಜನ ಕಡಲ ದಂಡೆಯ ಆರು ಮರದ ಕುಟೀರಗಳಲ್ಲಿ ಐದು ರಾತ್ರಿ ತಂಗಿದ್ದೆವು. ಒಂದೊಂದರಲ್ಲಿ ನಾಲ್ವರು ಮಲಗಬಹುದು; ಚಕ್ರಗಳುಳ್ಳ ಉಕ್ಕಿನ ಚೌಕಟ್ಟಿನ ಮೇಲೆ ಕೂತಿರುವುದರಿಂದ ಬೇಕಾದಾಗ ಎಳೆದೊಯ್ಯಬಹುದು.

ಹೊರಮೈಯ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. ಸಾಮಾನ್ಯವಾಗಿ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಉಪ್ಪುಗಾಳಿಗೆ ಕಂದು ಕಲೆ ಹಿಡಿಯುತ್ತದೆಂಬುದನ್ನು ಅರಿತು, ತುಕ್ಕು ತಡೆಯುವ ಮಾಲಿಬ್ಡಿನಮ್ ಲೋಹ ಶೇ. 2ರಿಂದ 3ರಷ್ಟು ಇರುವ 316 ದರ್ಜೆಯ ಸ್ಕ್ರೂ, ಕೀಲುಗಳನ್ನೇ ಎಲ್ಲೆಡೆ ಬಳಸಿದ್ದಾರೆ. ಹೊರಹಲಗೆಗಳ ಹಿಂದೆ ಗಾಳಿಯಾಡಲು ಸಂದು ಬಿಟ್ಟಿದ್ದಾರೆ. ಮರವು ತನ್ನ ಪಕ್ಕದ ಮೈಗಿಂತ ಕೊಯ್ದ ತುದಿಯಿಂದ ಬಹುಬೇಗ ನೀರು ಹೀರುವುದರಿಂದ, ಹಲಗೆಗಳ ಕೆಳತುದಿಯನ್ನು ಓರೆಯಾಗಿ ಕತ್ತರಿಸಿ, ನೆಲದಿಂದ ಸಾಕಷ್ಟು ಮೇಲೆ ನಿಲ್ಲಿಸಿದ್ದಾರೆ.

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕುಪಟ್ಟಾಗುತ್ತದೆ. ಹಗುರವಾದ ಕುಟೀರಕ್ಕೆ ತನ್ನ ತೂಕವೊಂದೇ ಆಸರೆಯಾಗಲಾರದು ಎಂಬ ಎಚ್ಚರ ಇಲ್ಲಿ ಕಾಣುತ್ತದೆ: ನಾಲ್ಕೂ ಮೂಲೆಗಳನ್ನು ಮರಳಿನೊಳಕ್ಕೆ ತಿರುಗಿಸಿ ಇಳಿಸಿದ ಉಕ್ಕಿನ ಸುರುಳಿಗೂಟಗಳಿಗೆ ಬಿಗಿದಿದ್ದಾರೆ. ನಾವಿದ್ದಾಗಲೇ ಅಲೆಗಳು ಹತ್ತಿರ ಬಂದವೆಂದು ಒಂದು ಕುಟೀರವನ್ನು ಹಿಂದಕ್ಕೆ ಒಯ್ದರು. ಗೂಟಗಳನ್ನು ಎದುರು ದಿಕ್ಕಿಗೆ ತಿರುಗಿಸಿ ಕಿತ್ತರು; ಕಾಂಕ್ರೀಟಿನ ಒಂದು ತುಣುಕೂ ದಂಡೆಯಲ್ಲಿ ಉಳಿಯಲಿಲ್ಲ. ಎಳೆಯುವಾಗ ಚೌಕಟ್ಟು ಸೊಟ್ಟಗಾಗಿ ಬಾಗಿಲು ಸಿಕ್ಕಿಕೊಳ್ಳಬಹುದೆಂದು ನಾನು ಕಾದು ನೋಡಿದೆ. ಗೋಡೆಯೊಳಗಿನ ಓರೆಪಟ್ಟಿಗಳ ಬಿಗಿಯಿಂದಾಗಿ ಅದು ಮೊದಲಿನಷ್ಟೇ ಸಲೀಸಾಗಿ ಮುಚ್ಚಿಕೊಂಡಿತು. ಎಳೆದೊಯ್ಯುವ ಮನೆಗೆ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ.

ಒಳಗಿನ ವಿಷಯದಲ್ಲಿ ಇಷ್ಟು ಯೋಚನೆ ಮಾಡಿಲ್ಲ. ನಾಲ್ವರು ರಾತ್ರಿಯಿಡೀ ಮಲಗಿದರೆ ಉಸಿರು, ಬೆವರಿನಿಂದಲೇ ಸುಮಾರು ಒಂದು ಲೀಟರಿನಷ್ಟು ನೀರು ಒಳಗಿನ ಗಾಳಿಗೆ ಸೇರುತ್ತದೆ. ಇರುವ ಒಂದೇ ಕಿಟಕಿ ಕಡಲಿಗೆ ಮುಖ ಮಾಡಿದೆ, ಗಾಳಿ ಬೀಸಿದಾಗ ಅದನ್ನು ಮುಚ್ಚಲೇಬೇಕು. ಒದ್ದೆ ಬಟ್ಟೆ ಹರವಲು ಹೊರಗೆ ಸೂರಿಲ್ಲದೆ ಎಲ್ಲರೂ ಒಳಗೇ ನೇತುಹಾಕಿದೆವು. ಮೂರನೆಯ ಬೆಳಿಗ್ಗೆಯ ಹೊತ್ತಿಗೆ ಗಾಜಿನ ಮೇಲೆ ಹನಿ ಇಳಿಯುತ್ತಿತ್ತು, ಮೂಲೆಯ ಹಾಸಿಗೆಯ ಹಿಂದೆ ಬೂಷ್ಟಿನ ವಾಸನೆ ಬರುತ್ತಿತ್ತು. ಮರದ ತೇವಾಂಶ ಶೇ. 20ನ್ನು ಮೀರಿ ಬಹುಕಾಲ ಉಳಿದರೆ ಕೊಳೆ ಹಿಡಿಯುವ ಅಪಾಯವಿರುವುದರಿಂದ ಇದು ತಂಗಿದವರ ಕಿರಿಕಿರಿಯಷ್ಟೇ ಅಲ್ಲ, ಕುಟೀರದ ಆಯುಷ್ಯದ ಪ್ರಶ್ನೆಯೂ ಹೌದು. ಗಾಳಿಗೆ ಮರೆಯಾದ ಗೋಡೆಯ ಕೆಳಗೊಂದು, ಎದುರಿನ ಸೂರಿನಡಿ ಇನ್ನೊಂದು ಗಾಳಿಕಿಂಡಿ ಇಟ್ಟು, ಬಾಗಿಲ ಮುಂದೆ ಪುಟ್ಟ ಜಗಲಿ ಕಟ್ಟಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ.

ಇದಕ್ಕಿಂತ ಗಂಭೀರವಾದ ಕೊರತೆ ಆ ಕಿಟಕಿಯ ಅಳತೆ. ಬಾಗಿಲ ಬಳಿ ಬೆಂಕಿ ಹತ್ತಿದರೆ ಮೇಲಿನ ಹಾಸಿಗೆಯಲ್ಲಿರುವ ದೊಡ್ಡವರು ಅದರ ಮೂಲಕ ನುಸುಳಲಾರರು. ಮರದ ಗೋಡೆಗಳ ನಡುವೆ ನಾಲ್ವರನ್ನು ಮಲಗಿಸುವಾಗ ಹೊರಬರಲು ಎರಡನೆಯ ದಾರಿ ಇರಲೇಬೇಕು. ಆ ಕಿಟಕಿಯನ್ನು ದೊಡ್ಡದು ಮಾಡಿಕೊಡುವವರೆಗೆ ನಮ್ಮ ಸಂಘದ ಬೇಡಿಕೆಯನ್ನು ತಡೆಹಿಡಿದಿದ್ದೇನೆ.