ಗಂಟು ತೆಗೆಸಿದ್ಮೇಲೆ ಬಯಾಪ್ಸಿಗೆ ಹೋಯ್ತಾ ಅಂತ ಲ್ಯಾಬಲ್ಲೇ ಕೇಳಿ, ಆಸ್ಪತ್ರೆಯೋರ ಮಾತು ನಂಬ್ಬೇಡಿ

ಮಂಡ್ಯ ಕಡೆ ಯಾರಾದ್ರೂ ಗಂಟು ಆಪರೇಷನ್‌ಗೆ ಹೋಗೋರಿದ್ರೆ ದಯವಿಟ್ಟು ಓದಿ. ನರ್ಸಿಂಗ್ ಹೋಮ್ ಹೆಸರು ಹಾಕಲ್ಲ, ಕೇಸು ಗೀಸು ಅಂತ ಅಲೆಯೋಕೆ ಈಗ ನಮಗೆ ಪುರುಸೊತ್ತಿಲ್ಲ.

ನಮ್ಮ ದೊಡ್ಡಪ್ಪನ ತೊಡೇಲಿ ಗಂಟು, ನೋವು ಅಷ್ಟಿಲ್ಲ, ಆದ್ರೆ ಬೆಳೀತಾನೇ ಇತ್ತು. ಎಕ್ಸ್‌ರೇಲಿ ಮಾಂಸದೊಳಗೆ ಬೆಳ್ಳಗೆ ಕಾಣ್ತು. ಡಾಕ್ಟ್ರು ಫಿಲ್ಮ್ ಕಿಟಕಿಗೆ ಹಿಡ್ದು "ಯಾವಾಗ್ಲೋ ಪೆಟ್ಟು ಬಿದ್ದಿರುತ್ತೆ, ಒಳಗೆ ಮೂಳೆ ಕಟ್ಟಿದೆ, ಮೂಳೆ ಆಗಿದ್ರೆ ಕ್ಯಾನ್ಸರ್ ಅಲ್ಲ ಬಿಡಿ" ಅಂದ್ರು. ಎಂಆರ್‌ಐ ಇಲ್ಲ, ಸೂಜಿ ಹಾಕಿ ನೋಡಿದ್ದೂ ಇಲ್ಲ, ಸೀದಾ ಆಪರೇಷನ್. ಬಿಲ್ಲಲ್ಲಿ ಬಯಾಪ್ಸಿ ಚಾರ್ಜ್ ಮಾತ್ರ ನೀಟಾಗಿ ಬರೆದಿದ್ರು.

ರಿಪೋರ್ಟ್ ಎಲ್ಲಿ ಸಾರ್ ಅಂದ್ರೆ "ಮೂಳೆ ಇದೆಯಲ್ರೀ, ಆಸಿಡ್ಡಲ್ಲಿ ನೆನೆಸಿ ಮೆತ್ತಗೆ ಮಾಡಿ ಆಮೇಲೆ ಕತ್ತರಿಸ್ಬೇಕು". ಮತ್ತೆ ಹೋದ್ರೆ "ಇನ್ನೂ ನೆನೀತಿದೆ". ಮೂಳೆ ಇರೋ ಸ್ಯಾಂಪಲ್‌ಗೆ ನಿಜವಾಗ್ಲೂ ಹಂಗೇ ಮಾಡ್ತಾರೆ, ಅದೇ ನಂಗೆ ಉರಿಯೋದು! ಕೆಲವು ದಿನ ಹಿಡಿಯುತ್ತೆ, ತಿಂಗಳುಗಟ್ಲೆ ಅಲ್ಲ. ನಾನು ಬೇರೆ ನೆಂಟರಿಗೆಲ್ಲ ದೊಡ್ಡ ತಿಳಿದೋನ ತರ ಇದೇ ಆಸಿಡ್ ಕತೆ ಹೇಳ್ಕೊಂಡು ತಿರುಗಿದ್ದೆ, ಥೂ. ಕೊನೆಗೆ ಸ್ಯಾಂಪಲ್ ಕಳಿಸಿದ್ದೀವಿ ಅಂದಿದ್ದ ಮೈಸೂರಿನ ಲ್ಯಾಬಿಗೇ ಹೋದೆ, ಕೌಂಟರ್ ಹುಡುಗ ರಿಜಿಸ್ಟರ್ ಮೇಲಿಂದ ಕೆಳಗೆ ಬೆರಳಾಡಿಸಿ "ಈ ಹೆಸರಲ್ಲಿ ಡಬ್ಬಿನೇ ಬಂದಿಲ್ವಲ್ಲ ಅಣ್ಣ" ಅಂದ. ಡಬ್ಬಿನೇ ಬಂದಿಲ್ಲ! ವಾಪಸ್ ಬಂದು ಕೇಳಿದ್ರೆ ಡಾಕ್ಟ್ರು ತಲೆನೂ ಎತ್ತದೆ "ನೋಡೋಕೆ ಮೂಳೆ ತರಾನೇ ಇತ್ತಲ್ಲ, ಕಳಿಸೋ ಅಗತ್ಯ ಕಾಣ್ಲಿಲ್ಲ" ಅಂತಾರೆ. ಅಲ್ಲ ಸ್ವಾಮಿ, ಇಷ್ಟು ದಿನ ಆಸಿಡ್ಡಲ್ಲಿ ನೆನೀತಿದ್ದಿದ್ದು ಏನು, ಅವರೆಕಾಳಾ?

ಅಷ್ಟರಲ್ಲಿ ಹೊಲಿಗೆ ಪಕ್ಕದಲ್ಲೇ ಮತ್ತೆ ಗಂಟು. ಬೆಂಗಳೂರು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದ್ವಿ, ಎಂಆರ್‌ಐ, ಸೂಜಿ ಬಯಾಪ್ಸಿ ಎಲ್ಲಾ ಆಯ್ತು. ಎಲುಬಿಗೆ ಸಂಬಂಧವೇ ಇಲ್ದೆ ಮಾಂಸದಲ್ಲೇ ಹುಟ್ಟೋ ಆಸ್ಟಿಯೋಸಾರ್ಕೋಮಾ ಅಂತೆ, ಕ್ಯಾನ್ಸರ್ ಸೆಲ್‌ಗಳೇ ಮೂಳೆ ತಯಾರಿಸ್ತವಂತೆ. ತುಂಬಾ ಅಪರೂಪ, ವಯಸ್ಸಾದೋರಿಗೇ ಜಾಸ್ತಿ. ಪೆಟ್ಟಿಂದ ಕಟ್ಟೋ ಮೂಳೆ ಸಾಮಾನ್ಯವಾಗಿ ಅಂಚಲ್ಲಿ ಬಲಿತಿರುತ್ತೆ, ನಡುವೆ ಎಳಸು, ಇದ್ರಲ್ಲಿ ಉಲ್ಟಾ ಅಂತ ಅಲ್ಲಿನ ಡಾಕ್ಟ್ರು ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದ್ರು. ಮೊದ್ಲು ತೆಗ್ದಿದ್ರ ಬ್ಲಾಕ್, ಸ್ಲೈಡ್ (ಲ್ಯಾಬಲ್ಲಿ ಪರೀಕ್ಷೆಗೆ ಮಾಡಿಟ್ಟಿರೋ ಗಂಟಿನ ತುಂಡುಗಳು) ತನ್ನಿ ಅಂದ್ರು. ಎಲ್ಲಿಂದ ತರೋದು?

ಬೆಳೀತಿರೋ ಗಂಟಿದ್ರೆ ಕೊಯ್ಯೋಕೆ ಮುಂಚೆನೇ ಎಂಆರ್‌ಐ, ಸೂಜಿ ಬಯಾಪ್ಸಿ ಆಗ್ಲಿ ಅನ್ನಿ, ಮುಲಾಜು ಬೇಡ. ತೆಗ್ದ್ರೆ ಆ ಸ್ಯಾಂಪಲ್‌ಗೆ ಲ್ಯಾಬಲ್ಲಿ ಕೊಟ್ಟ ನಂಬರ್ ಕೈಗೆ ಇಸ್ಕೊಳ್ಳಿ. ಬಯಾಪ್ಸಿ ದುಡ್ಡು ಇನ್ನೂ ವಾಪಸ್ ಕೊಟ್ಟಿಲ್ಲ, ಕೇಳಿದ್ರೆ ಅಕೌಂಟೆಂಟ್ ರಜೆಯಂತೆ.